ವೈದ್ಯಶಿಕ್ಷಣದಲ್ಲಿ ಚಲಚ್ಚಿತ್ರ: ಪ್ರತ್ಯಕ್ಷವೋ ಆಪ್ತವಾಕ್ಯವೋ?

೧

ವೈದ್ಯವಿದ್ಯೆಯು ಕೇವಲ ಗ್ರಂಥಪಾಠದಿಂದ ಸಿದ್ಧಿಸತಕ್ಕುದಲ್ಲವೆಂಬುದನ್ನು ಭಾರತದ ಪ್ರಾಚೀನಾಚಾರ್ಯರು ಸ್ಪಷ್ಟವಾಗಿ ತಿಳಿದಿದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯಾಸೂತ್ರೀಯವೆಂಬ ಅಧ್ಯಾಯವೊಂದು ಈ ವಿಷಯಕ್ಕಾಗಿಯೇ ಮೀಸಲಾಗಿದೆ. ಶಸ್ತ್ರಕರ್ಮವನ್ನು ಕಲಿಯುವ ಶಿಷ್ಯನು ರೋಗಿಯ ಮೈಮೇಲೆ ಕೈಯಿಡುವುದಕ್ಕೆ ಮೊದಲು ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳಲ್ಲಿ ಛೇದನವನ್ನೂ, ನೀರು ಕೆಸರು ತುಂಬಿದ ತೊಗಲಿನ ಚೀಲಗಳಲ್ಲಿ ಭೇದನವನ್ನೂ, ತಾವರೆಯ ದಂಟಿನಲ್ಲಿ ವೇಧನವನ್ನೂ ಅಭ್ಯಾಸಮಾಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಮೃತಶರೀರವನ್ನು ನೀರಿನಲ್ಲಿರಿಸಿ, ಮೆತ್ತಗಾದ ಬಳಿಕ ಪದರಪದರವಾಗಿ ಬಿಡಿಸಿ, ಕಣ್ಣಾರೆ ಕಂಡುದನ್ನು ಶಾಸ್ತ್ರದೊಡನೆ ಹೊಂದಿಸಿಕೊಂಡವನ ಜ್ಞಾನವೇ ವೃದ್ಧಿಯಾಗುವುದೆಂಬುದು ಅದೇ ಸಂಹಿತೆಯ ಶಾರೀರಸ್ಥಾನದ ಅಭಿಪ್ರಾಯ. ಚರಕಸಂಹಿತೆಯ ವಿಮಾನಸ್ಥಾನವಾದರೋ ಅಧ್ಯಯನ, ಅಧ್ಯಾಪನ, ತದ್ವಿದ್ಯಸಂಭಾಷಾ ಎಂಬ ಮೂರು ಉಪಾಯಗಳನ್ನು ಹೇಳಿ, ಬಲ್ಲವರು ಬಲ್ಲವರೊಡನೆ ನಡೆಸುವ ವಾದಸಂವಾದಕ್ಕೂ ಪಾಠದಷ್ಟೇ ಗೌರವವನ್ನು ಕೊಟ್ಟಿದೆ.

ಈ ಉಪಾಯಗಳೆಲ್ಲಕ್ಕೂ ಒಂದು ಮಿತಿಯುಂಟು. ಗುರು, ಶಿಷ್ಯ, ರೋಗಿ ಈ ಮೂವರೂ ಒಂದೇ ಕಾಲದಲ್ಲಿ ಒಂದೇ ಸ್ಥಳದಲ್ಲಿ ಸೇರಬೇಕು. ರೋಗವಾದರೋ ಶಿಷ್ಯನ ಪಾಠಕ್ರಮವನ್ನು ಅನುಸರಿಸಿ ಬರತಕ್ಕುದಲ್ಲ. ಆಫ್ರಿಕಾ ಖಂಡದಲ್ಲಿರುವ ನಿದ್ರಾರೋಗವನ್ನು ಪ್ಯಾರಿಸ್ಸಿನ ವಿದ್ಯಾರ್ಥಿಯು ಎಲ್ಲಿ ನೋಡಬೇಕು? ಅಪಸ್ಮಾರದ ಆವೇಗವು ಅಧ್ಯಾಪಕನು ಕೋಣೆಯಿಂದ ಹೊರಗೆ ಹೋದಾಗಲೇ ಬಂದೀತು. ಶಸ್ತ್ರವೈದ್ಯನ ಕೈಚಳಕವು ಮೇಜಿನ ಪಕ್ಕದಲ್ಲಿ ನಿಂತ ಇಬ್ಬರು ಮೂವರಿಗೆ ಹೊರತು ಉಳಿದವರಿಗೆ ಕಾಣುವುದಿಲ್ಲ. ೧೮೯೫ರ ಡಿಸೆಂಬರಿನಲ್ಲಿ ಪ್ಯಾರಿಸ್ ನಗರದಲ್ಲಿ ಲುಮಿಯೇರ್ ಸಹೋದರರು ಚಲಚ್ಚಿತ್ರವನ್ನು ಸಾರ್ವಜನಿಕರಿಗೆ ಪ್ರದರ್ಶಿಸಿದ ಮೂರು ವರ್ಷಗಳೊಳಗಾಗಿಯೇ ವೈದ್ಯರು ಆ ಯಂತ್ರವನ್ನು ತಮ್ಮ ಶಿಕ್ಷಣಕ್ಕೆ ಎಳೆದುಕೊಂಡುದು ಈ ಕಾರಣದಿಂದ.

ಇಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ತೆರೆಯ ಮೇಲೆ ರೋಗವನ್ನು ಕಂಡ ವೈದ್ಯನಿಗೆ ಉಂಟಾದ ಜ್ಞಾನವು ಯಾವ ಪ್ರಮಾಣದಿಂದ ಉಂಟಾದುದು? ಕಣ್ಣಿನಿಂದ ಕಂಡುದಾದ್ದರಿಂದ ಪ್ರತ್ಯಕ್ಷವೆಂದು ಹೇಳುವುದು ಸುಲಭ. ಈ ಚಿತ್ರಗಳನ್ನು ಮೊದಲು ತಯಾರಿಸಿದವರೆಲ್ಲರೂ ಹಾಗೆಯೇ ಹೇಳಿದರು. ಆದರೆ ಇಂದ್ರಿಯಕ್ಕೂ ವಸ್ತುವಿಗೂ ನೇರವಾಗಿ ಆಗುವ ಸನ್ನಿಕರ್ಷದಿಂದ ಹುಟ್ಟಿದುದು ಪ್ರತ್ಯಕ್ಷವೆಂದು ನೈಯಾಯಿಕರ ಮತ. ತೆರೆಯ ಮುಂದೆ ಕುಳಿತವನ ಕಣ್ಣಿಗೆ ಸನ್ನಿಕರ್ಷವಿರುವುದು ಬೆಳಕಿನೊಡನೆ, ರೋಗಿಯೊಡನೆ ಅಲ್ಲ. ನಡುವೆ ಒಬ್ಬನು ನಿಂತು, ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಯಾವುದು ಮೊದಲು, ಯಾವುದು ಬಳಿಕ ಎಂಬುದನ್ನೆಲ್ಲ ನಿಶ್ಚಯಿಸಿದ್ದಾನೆ. ಆದುದರಿಂದ ಅದು ಪ್ರತ್ಯಕ್ಷದ ವೇಷವನ್ನು ಧರಿಸಿದ ಶಬ್ದಪ್ರಮಾಣವೆನ್ನುವುದೇ ಯುಕ್ತವಾಗಿ ತೋರುತ್ತದೆ. ಶಬ್ದವೆಂದ ಮೇಲೆ ಅದನ್ನು ಹೇಳಿದವನು ಆಪ್ತನೇ ಎಂದು ವಿಚಾರಿಸಬೇಕು. ವಿಷಯವನ್ನು ಸಾಕ್ಷಾತ್ತಾಗಿ ತಿಳಿದಿರುವುದು, ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನಾಗಿರುವುದು, ಈ ಎರಡೇ ಆಪ್ತನ ಲಕ್ಷಣವೆಂದೂ ಇದು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ನಿರ್ಣಯಿಸಿದ್ದಾನೆ. ಈ ಲಕ್ಷಣವನ್ನು ಕೈದೀಪವಾಗಿ ಹಿಡಿದು ವೈದ್ಯಕೀಯ ಚಲಚ್ಚಿತ್ರಗಳ ಇತಿಹಾಸವನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

೨

ಚಲಿಸುವ ಪ್ರಾಣಿಯ ಭಂಗಿಗಳನ್ನು ಕ್ರಮವಾಗಿ ಸೆರೆಹಿಡಿಯುವ ಛಾಯಾಗ್ರಹಣವನ್ನು ೧೮೮೨ರಿಂದ ಬೆಳೆಸಿದವನು ಫ್ರಾನ್ಸ್ ದೇಶದ ಶಾರೀರಶಾಸ್ತ್ರಜ್ಞನಾದ ಏತಿಯೆನ್ ಜೂಲ್ ಮಾರೇ. ಹೀಗೆ ಈ ಯಂತ್ರದ ವಂಶವೃಕ್ಷದಲ್ಲಿ ವಿನೋದಕ್ಕಿಂತ ಮೊದಲು ವಿಜ್ಞಾನವೇ ನಿಂತಿದೆ. ೧೮೯೮ರಲ್ಲಿ ರುಮೇನಿಯಾ ದೇಶದ ಬುಖಾರೆಸ್ಟ್ ನಗರದಲ್ಲಿ ಗಿಯೋರ್ಗೆ ಮಾರಿನೆಸ್ಕು ಎಂಬ ನರರೋಗವೈದ್ಯನು ಪಕ್ಷಾಘಾತದಿಂದ ಪೀಡಿತರಾದವರ ನಡಗೆಯನ್ನು ಚಿತ್ರಿಸಿದನು. ಒಂದು ಕಾಲನ್ನು ಅರ್ಧಚಂದ್ರಾಕಾರವಾಗಿ ಬೀಸಿ ಎಳೆಯುತ್ತ ನಡೆಯುವ ಆ ರೀತಿಯನ್ನು ಎಷ್ಟು ಪುಟಗಳಲ್ಲಿ ವರ್ಣಿಸಿದರೂ ವಿದ್ಯಾರ್ಥಿಯ ಮನಸ್ಸಿನಲ್ಲಿ ರೂಪವು ನಿಲ್ಲದು. ಚಿತ್ರದಲ್ಲಿ ಒಂದು ನಿಮಿಷದೊಳಗೆ ನಿಲ್ಲುತ್ತದೆ.

ಅದೇ ೧೮೯೮ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ಶಸ್ತ್ರವೈದ್ಯನಾದ ಯೂಜೇನ್ ಲೂಯಿ ದುವಾಯೆನ್ ಎಂಬವನು ತನ್ನ ಶಸ್ತ್ರಕ್ರಿಯೆಗಳನ್ನು ಚಿತ್ರಿಸಿಕೊಂಡು, ಜುಲೈ ತಿಂಗಳಲ್ಲಿ ಎಡಿನ್‌ಬರೋ ನಗರದಲ್ಲಿ ಸೇರಿದ ಬ್ರಿಟಿಷ್ ವೈದ್ಯಸಂಘದ ಸಭೆಯಲ್ಲಿ ಪ್ರದರ್ಶಿಸಿದನು. ತನ್ನ ಕೆಲಸವನ್ನು ತೆರೆಯ ಮೇಲೆ ಮೊದಲ ಬಾರಿ ಕಂಡಾಗ ತನ್ನ ಕೈಯ ದೋಷಗಳು ತನಗೇ ತಿಳಿದುಬಂದವೆಂದು ಅವನು ಹೇಳಿಕೊಂಡಿದ್ದಾನೆ. ಇದು ಗಮನಿಸತಕ್ಕ ಮಾತು. ಶಿಷ್ಯರಿಗಾಗಿ ತಯಾರಾದ ಪಾಠದಿಂದ ಮೊದಲು ಪಾಠವನ್ನು ಕಲಿತವನು ಗುರುವೇ. ಮಾಡುವವನು ಮಾಡುವಾಗ ತನ್ನನ್ನು ತಾನು ನೋಡಲಾರನು. ಆ ಕೊರತೆಯನ್ನು ಕನ್ನಡಿಯೂ ತೀರಿಸಲಾರದು, ಚಲಚ್ಚಿತ್ರವು ತೀರಿಸಿತು.

ಆದರೆ ಇದೇ ದುವಾಯೆನ್ನನ ಕಥೆಯಲ್ಲಿ ಭಾರತೀಯರು ಮರೆಯಬಾರದ ಒಂದು ಪ್ರಸಂಗವಿದೆ. ಒರಿಸ್ಸಾ ಪ್ರಾಂತದಲ್ಲಿ ಎದೆಯ ಭಾಗದಲ್ಲಿ ಕೂಡಿಕೊಂಡು ಹುಟ್ಟಿದ ರಾಧಿಕಾ, ದೂಧಿಕಾ ಎಂಬ ಇಬ್ಬರು ಅವಳಿ ಹೆಣ್ಣುಮಕ್ಕಳನ್ನು ಐರೋಪ್ಯ ಪ್ರದರ್ಶನಕಾರರು ದೇಶದೇಶಗಳಲ್ಲಿ ತೋರಿಸುತ್ತಿದ್ದರು. ದೂಧಿಕೆಗೆ ಕ್ಷಯವು ತಗುಲಲು, ರಾಧಿಕೆಯನ್ನಾದರೂ ಉಳಿಸಬೇಕೆಂದು ೧೯೦೨ರ ಫೆಬ್ರವರಿ ೯ರಂದು ದುವಾಯೆನ್ನನು ಅವರನ್ನು ಬೇರ್ಪಡಿಸಿದನು. ಆ ಕ್ರಿಯೆಯನ್ನು ಚಿತ್ರಿಸಲಾಯಿತು. ದೂಧಿಕೆಯು ಕೆಲವೇ ದಿನಗಳಲ್ಲಿ ತೀರಿಕೊಂಡಳು. ರಾಧಿಕೆಯು ೧೯೦೩ರಲ್ಲಿ ಅದೇ ಕ್ಷಯದಿಂದ ಮೃತಳಾದಳು. ಆ ಹೊತ್ತಿಗೆ ಚಿತ್ರದ ಪ್ರತಿಗಳು ವೈದ್ಯಶಾಲೆಗಳನ್ನು ದಾಟಿ ಜಾತ್ರೆಯ ಡೇರೆಗಳನ್ನು ಸೇರಿದ್ದವು. ಛಾಯಾಗ್ರಾಹಕರಲ್ಲೊಬ್ಬನಾದ ಪಾರ್ನಲಾನ್ ಎಂಬವನು ಪ್ರತಿಗಳನ್ನು ಮಾರಿದನೆಂದು ದುವಾಯೆನ್ನನು ವ್ಯಾಜ್ಯ ಹೂಡಲು, ೧೯೦೫ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ನ್ಯಾಯಾಲಯವು ಚಿತ್ರದ ಸ್ವಾಮ್ಯವು ವೈದ್ಯನದೆಂದು ತೀರ್ಪಿತ್ತಿತು. ಚಲಚ್ಚಿತ್ರದ ಹಕ್ಕುಗಳ ಇತಿಹಾಸದಲ್ಲಿ ಈ ತೀರ್ಪು ಪ್ರಸಿದ್ಧವಾಗಿದೆ. ಅಲ್ಲಿ ವಾದಿಯು ವೈದ್ಯ, ಪ್ರತಿವಾದಿಯು ಛಾಯಾಗ್ರಾಹಕ. ಯಾರ ದೇಹವನ್ನು ಕತ್ತರಿಸಿ ಚಿತ್ರವಾಯಿತೋ ಆ ಮಕ್ಕಳು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಸರ್ಕಸ್ಸಿನ ಡೇರೆಯಿಂದ ಬಿಡುಗಡೆಯಾದ ಅವರು ಚಿತ್ರದ ಮೂಲಕ ಪುನಃ ಡೇರೆಯನ್ನೇ ಸೇರಿದರು.

ದುವಾಯೆನ್ನನಿಗೆ ಶಸ್ತ್ರವಿದ್ಯೆಯ ಸಾಕ್ಷಾತ್ ಜ್ಞಾನವಿದ್ದುದರಲ್ಲಿ ಸಂಶಯವಿಲ್ಲ. ಅಂತಹವನ ಚಿತ್ರವೂ ವಿಷಯವನ್ನು ತಿಳಿಸುವ ಇಚ್ಛೆಯಿಂದ ಮಾತ್ರವೇ ಹುಟ್ಟಿತೋ, ಕೀರ್ತಿಯ ಇಚ್ಛೆಯೂ ಅದರಲ್ಲಿ ಬೆರೆತಿತ್ತೋ ಎಂಬ ಪ್ರಶ್ನೆಯು ಅವನ ಕಾಲದ ವೈದ್ಯರಲ್ಲಿಯೇ ಎದ್ದಿತು. ಪ್ಯಾರಿಸ್ಸಿನ ವೈದ್ಯಮಂಡಲವು ಬಹುಕಾಲ ಅವನನ್ನು ಶಂಕೆಯಿಂದಲೇ ನೋಡಿತು.

೩

ಚಲಚ್ಚಿತ್ರವು ಕೇವಲ ಅನುಕೂಲಕ್ಕಾಗಿ ಅಲ್ಲ, ಅನಿವಾರ್ಯವಾಗಿ ಬೇಕಾದ ಸಂದರ್ಭವೊಂದಿದೆ. ಅದನ್ನು ತೋರಿಸಿಕೊಟ್ಟವನು ಝಾನ್ ಕೊಮಾಂದೋನ್ (೧೮೭೭–೧೯೭೦). ಭಾವಮಿಶ್ರನು ಹದಿನಾರನೆಯ ಶತಮಾನದಲ್ಲಿ ಭಾವಪ್ರಕಾಶದಲ್ಲಿ ಫಿರಂಗರೋಗವೆಂದು ಹೆಸರಿಸಿದ ವ್ಯಾಧಿಗೆ ಕಾರಣವಾದ ಸುರುಳಿಯಾಕಾರದ ಕ್ರಿಮಿಯನ್ನು ಜರ್ಮನಿಯ ಶೌದಿನ್ ಮತ್ತು ಹಾಫ್‌ಮನ್ನರು ೧೯೦೫ರಲ್ಲಿ ಕಂಡುಹಿಡಿದರು. ಆದರೆ ಹುಣ್ಣಿನ ರಸದಲ್ಲಿ ಸುರುಳಿಯಾಕಾರದ ಬೇರೆ ನಿರುಪದ್ರವಿ ಕ್ರಿಮಿಗಳೂ ಇರುತ್ತವೆ. ರೋಗದ ಕ್ರಿಮಿ ಯಾವುದು, ಅಲ್ಲದ್ದು ಯಾವುದು ಎಂದು ನಿರ್ಣಯಿಸುವುದಕ್ಕೆ ಆಕಾರವೊಂದೇ ಸಾಲದು. ಅವುಗಳ ಚಲನೆಯ ಭೇದವನ್ನು ಅರಿಯಬೇಕು. ನಿಶ್ಚಲವಾದ ಚಿತ್ರದಲ್ಲಿ ಚಲನೆಯನ್ನು ಹೇಗೆ ತೋರಿಸುವುದು?

ಕೊಮಾಂದೋನನು ಪ್ಯಾರಿಸ್ಸಿನ ಸೇನ್ ಲೂಯಿ ಆಸ್ಪತ್ರೆಯಲ್ಲಿ ಈ ವಿಷಯವನ್ನೇ ವ್ಯಾಸಂಗಮಾಡುತ್ತಿದ್ದನು. ಕಪ್ಪು ಹಿನ್ನೆಲೆಯಲ್ಲಿ ಕ್ರಿಮಿಯು ಮಾತ್ರ ಬೆಳಗುವಂತೆ ಮಾಡುವ ಅತಿಸೂಕ್ಷ್ಮದರ್ಶಕವು ಆಗ ಹೊಸದಾಗಿ ಬಂದಿತ್ತು. ಅದಕ್ಕೆ ಚಲಚ್ಚಿತ್ರದ ಕ್ಯಾಮರಾವನ್ನು ಜೋಡಿಸಬೇಕೆಂದು ಅವನು ಪಾಥೇ ಸಂಸ್ಥೆಯ ನೆರವನ್ನು ಪಡೆದನು. ಕಷ್ಟವೇನೆಂದರೆ, ಚಿತ್ರ ಮೂಡಬೇಕಾದರೆ ತೀಕ್ಷ್ಣವಾದ ಬೆಳಕು ಬೇಕು; ತೀಕ್ಷ್ಣವಾದ ಬೆಳಕಿನ ಕಾವಿನಲ್ಲಿ ಕ್ರಿಮಿಯು ಸಾಯುತ್ತದೆ; ಸತ್ತ ಕ್ರಿಮಿಗೆ ಚಲನೆಯಿಲ್ಲ. ಸುರುಳಿಯ ಒಂದೊಂದು ಚೌಕವು ಬೆಳಕಿಗೆ ತೆರೆದುಕೊಳ್ಳುವ ಕ್ಷಣಕ್ಕೆ ಮಾತ್ರ ಬೆಳಕು ಬೀಳುವಂತೆ ಯೋಜಿಸಿ ಅವನು ಈ ತೊಡಕನ್ನು ಬಿಡಿಸಿದನು. ೧೯೦೯ರ ಅಕ್ಟೋಬರ್ ೨೬ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಈ ಚಿತ್ರಗಳನ್ನು ಪ್ರದರ್ಶಿಸಲಾಯಿತು. ಫಿರಂಗರೋಗದ ಕ್ರಿಮಿಯಲ್ಲದೆ, ರಕ್ತಕಣಗಳ ನಡುವೆ ನುಗ್ಗಾಡುವ ಟ್ರಿಪನೋಸೋಮ್ ಎಂಬ ಪರೋಪಜೀವಿಗಳನ್ನೂ ಪಂಡಿತರು ತೆರೆಯ ಮೇಲೆ ಕಂಡರು. ನಿದ್ರಾರೋಗವು ಇದೇ ಜಾತಿಯ ಜೀವಿಗಳಿಂದ ಬರತಕ್ಕುದು.

ಒಬ್ಬನು ಮಾತ್ರ ಕಣ್ಣಿಟ್ಟು ನೋಡಬಹುದಾಗಿದ್ದ ಸೂಕ್ಷ್ಮದರ್ಶಕದ ನಳಿಗೆಯು ಆ ದಿನ ಒಂದು ಸಭೆಯ ಕಣ್ಣಾಯಿತು. ಆಪ್ತಲಕ್ಷಣದ ಎರಡು ಅಂಗಗಳೂ ಇಲ್ಲಿ ಪೂರ್ಣವಾಗಿ ಕಾಣುತ್ತವೆ: ಕೊಮಾಂದೋನನು ತಾನು ಬಲ್ಲುದನ್ನು ಬಲ್ಲಂತೆಯೇ ತೋರಿಸಿದನು. ತೋರಿಸಿದ ವಸ್ತುವು ಕ್ರಿಮಿಯಾದುದರಿಂದ ಅದರ ಅನುಮತಿಯ ಪ್ರಶ್ನೆಯೂ ಏಳಲಿಲ್ಲ. ಮನುಷ್ಯನನ್ನು ತೋರಿಸಬೇಕಾದಾಗ ವಿಷಯವು ಇಷ್ಟು ಸರಳವಾಗಿ ಉಳಿಯುವುದಿಲ್ಲ.

೪

೧೯೦೫ರಲ್ಲಿ ಅಮೆರಿಕಾದ ನ್ಯೂಯಾರ್ಕ್ ಸಂಸ್ಥಾನದ ಕ್ರೇಗ್ ಕಾಲೊನಿ ಎಂಬ ಅಪಸ್ಮಾರ ರೋಗಿಗಳ ವಸತಿಯಲ್ಲಿ ವಾಲ್ಟರ್ ಗ್ರೀನೋ ಚೇಸ್ ಎಂಬ ವೈದ್ಯನು ಆವೇಗಗಳನ್ನು ಚಿತ್ರಿಸಿದನು. ಒಳಗೆ ಬೆಳಕು ಸಾಲದೆಂದು ರೋಗಿಗಳನ್ನು ಬಯಲಿಗೆ ತಂದು, ಅಂಗಾಂಗಗಳ ಸೆಳೆತವು ಸ್ಪಷ್ಟವಾಗಿ ಕಾಣಲೆಂದು ಅನೇಕರನ್ನು ವಿವಸ್ತ್ರರನ್ನಾಗಿಯೇ ಚಿತ್ರಿಸಲಾಯಿತು. ಆ ಚಿತ್ರಗಳಲ್ಲಿ ಸುಳ್ಳಿಲ್ಲ. ಆವೇಗದ ಆರಂಭ, ವೃದ್ಧಿ, ಶಮನಗಳು ಯಥಾವತ್ತಾಗಿವೆ. ಆದರೆ ಎಚ್ಚರ ತಪ್ಪಿದವನಿಂದ ಅನುಮತಿಯನ್ನು ಕೇಳುವ ಬಗೆ ಹೇಗೆ? ಈ ಪ್ರಶ್ನೆಯನ್ನು ಆ ಕಾಲದವರು ಕೇಳಲಿಲ್ಲ.

ಇನ್ನೊಂದು ಚಿತ್ರದಲ್ಲಿ ದೋಷವು ಬೇರೆ ಬಗೆಯದು. ಮೊದಲನೆಯ ಮಹಾಯುದ್ಧದಲ್ಲಿ ಗುಂಡಿನ ಗಾಯವಿಲ್ಲದೆಯೇ ಮೈ ನಡುಗಿ, ಕಾಲು ಬಿದ್ದು, ಮಾತು ಕಟ್ಟಿ ಬಂದ ಸೈನಿಕರನ್ನು ಇಂಗ್ಲೆಂಡಿನ ನೆಟ್ಲಿ ಮತ್ತು ಸೀಲ್ ಹೇಯ್ನ್ ಆಸ್ಪತ್ರೆಗಳಲ್ಲಿ ಆರ್ಥರ್ ಹರ್ಸ್ಟ್ ಎಂಬ ವೈದ್ಯನು ಚಿಕಿತ್ಸೆಗೊಳಪಡಿಸಿದನು. ೧೯೧೭–೧೮ರಲ್ಲಿ ತಯಾರಾದ ‘ವಾರ್ ನ್ಯೂರೋಸಿಸ್’ ಎಂಬ ಚಿತ್ರವು ಮೊದಲು ರೋಗಿಯ ದುರವಸ್ಥೆಯನ್ನೂ ಅನಂತರ ಅವನು ಗುಣಹೊಂದಿ ಓಡಾಡುವುದನ್ನೂ ತೋರಿಸುತ್ತದೆ. ನೋಡಿದವರಿಗೆ ಅದ್ಭುತವೆನಿಸುವ ಪರಿಣಾಮ. ಬಹುಕಾಲದ ಮೇಲೆ, ೨೦೧೨ರಲ್ಲಿ, ಎಡ್ಗರ್ ಜೋನ್ಸ್ ಎಂಬ ಇತಿಹಾಸಕಾರನು ಈ ಚಿತ್ರವನ್ನು ಪರಿಶೀಲಿಸಿ, ಚಿಕಿತ್ಸೆಗೆ ಪೂರ್ವದ್ದೆಂದು ತೋರಿಸಿರುವ ಕೆಲವು ದೃಶ್ಯಗಳು ವಾಸ್ತವವಾಗಿ ರೋಗಿಯು ಗುಣಹೊಂದಿದ ಮೇಲೆ ಕ್ಯಾಮರಾದ ಮುಂದೆ ಅಭಿನಯಿಸಿದವೆಂದು ಪ್ರತಿಪಾದಿಸಿದ್ದಾನೆ.

ಇಲ್ಲಿ ಸೂಕ್ಷ್ಮವಾಗಿ ವಿವೇಚಿಸಬೇಕು. ಆ ಸೈನಿಕನು ಹಿಂದೆ ಹಾಗೆಯೇ ನಡುಗುತ್ತಿದ್ದುದು ನಿಜ. ತನ್ನ ರೋಗವನ್ನು ತಾನೇ ಅನುಕರಿಸಿ ತೋರಿಸಿದುದೂ ನಿಜವಾಗಿರಬಹುದು. ಆದರೂ ‘ಇದು ರೋಗ’ ಎಂಬುದಕ್ಕೂ ‘ಇದು ರೋಗದ ಅಭಿನಯ’ ಎಂಬುದಕ್ಕೂ ಅಂತರವಿದೆ. ನಾಟ್ಯಶಾಲೆಯಲ್ಲಿ ಪ್ರೇಕ್ಷಕನಿಗೆ ಆ ಅಂತರವು ಗೊತ್ತು. ಗೊತ್ತಿದ್ದೇ ರಸವನ್ನು ಅನುಭವಿಸುತ್ತಾನೆ. ವೈದ್ಯಶಾಲೆಯ ಪ್ರೇಕ್ಷಕನಿಗೆ ಅದನ್ನು ತಿಳಿಸದಿದ್ದರೆ ಅವನು ಔಷಧದ ಬಲವನ್ನು ತಪ್ಪಾಗಿ ಅಳೆಯುತ್ತಾನೆ. ತಿಳಿದಂತೆಯೇ ಹೇಳಬೇಕೆಂಬ ಎರಡನೆಯ ಅಂಗವು ಇಲ್ಲಿ ಕುಂಟಿತು. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡಬೇಕೆಂಬ ಕನ್ನಡದ ಗಾದೆಯು ತೆರೆಯ ಮೇಲಿನ ಪ್ರತ್ಯಕ್ಷಕ್ಕೆ ಇಮ್ಮಡಿಯಾಗಿ ಸಲ್ಲುತ್ತದೆ.

೫

ಮಹಾಯುದ್ಧದ ಅನಂತರ ಈ ಚಿತ್ರಗಳು ಆಸ್ಪತ್ರೆಯ ಗೋಡೆಗಳನ್ನು ದಾಟಿ ಲೋಕಾರೋಗ್ಯದ ಕ್ಷೇತ್ರಕ್ಕೆ ಬಂದವು. ರಾಕ್‌ಫೆಲ್ಲರ್ ಪ್ರತಿಷ್ಠಾನದ ವತಿಯಿಂದ ೧೯೨೦ರಲ್ಲಿ ಹೊರಟ ‘ಅನ್‌ಹುಕಿಂಗ್ ದಿ ಹುಕ್‌ವರ್ಮ್’ ಎಂಬ ಮೂಕಚಿತ್ರವು ಕೊಕ್ಕೆಹುಳುವಿನ ಜೀವನಚಕ್ರವನ್ನು ಬಾಲಕನೊಬ್ಬನ ಕಥೆಯ ಮೂಲಕ ತೋರಿಸಿತು. ಬರಿಗಾಲಿನಲ್ಲಿ ನಡೆದವನ ಚರ್ಮವನ್ನು ಮರಿಹುಳುವು ಹೇಗೆ ಹೊಗುತ್ತದೆ, ಕರುಳಿನಲ್ಲಿ ಹೇಗೆ ಕಚ್ಚಿಕೊಂಡು ರಕ್ತವನ್ನು ಹೀರುತ್ತದೆ, ಶೌಚಕೂಪದಿಂದ ಈ ಚಕ್ರವು ಹೇಗೆ ಮುರಿಯುತ್ತದೆ ಎಂಬುದು ಅದರ ವಿಷಯ. ಇದು ಮುಖ್ಯವಾಗಿ ಜನಸಾಮಾನ್ಯರನ್ನು ಉದ್ದೇಶಿಸಿದ್ದು. ಆದರೆ ವೈದ್ಯರಿಗಾಗಿ ತಯಾರಾದ ಮುಂದಿನ ಚಿತ್ರಗಳಿಗೂ ಈ ಕ್ರಮವು ಮೇಲ್ಪಂಕ್ತಿಯಾಯಿತು.

ಇಂತಹ ಚಿತ್ರಗಳ ವಿಷಯದಲ್ಲಿ ಒಂದು ಕಥೆಯು ಬಹಳವಾಗಿ ಹಬ್ಬಿದೆ. ಆಫ್ರಿಕಾದ ಹಳ್ಳಿಯೊಂದರಲ್ಲಿ ಸೊಳ್ಳೆಯನ್ನು ತೆರೆಯ ತುಂಬ ದೊಡ್ಡದಾಗಿ ತೋರಿಸಲು, ಜನರು ‘ಇಷ್ಟು ದೊಡ್ಡ ಸೊಳ್ಳೆಗಳು ಪುಣ್ಯವಶಾತ್ ನಮ್ಮಲ್ಲಿಲ್ಲ’ ಎಂದು ನೆಮ್ಮದಿಯಿಂದ ಮನೆಗೆ ಹೋದರಂತೆ. ಈ ಕಥೆಗೆ ಪಾಠಾಂತರಗಳು ಅನೇಕ. ಒಂದರಲ್ಲಿ ಸೊಳ್ಳೆ, ಇನ್ನೊಂದರಲ್ಲಿ ಚಿಗಟ, ಮತ್ತೊಂದರಲ್ಲಿ ಹೇನು; ಊರೂ ಬದಲಾಗುತ್ತದೆ. ಪಾಠಾಂತರಗಳು ಇಷ್ಟಾದಲ್ಲಿ ಮೂಲದಲ್ಲಿಯೇ ಸಂಶಯಪಡುವುದು ಗ್ರಂಥಸಂಪಾದಕರ ಕ್ರಮ. ಕಥೆಯನ್ನು ಹೇಳಿದವರು ವಸಾಹತುಗಳ ಅಧಿಕಾರಿಗಳು, ಹಳ್ಳಿಯವರಲ್ಲ. ಆದರೂ ಅದರಲ್ಲಿ ಅಡಗಿರುವ ವಿಚಾರವು ಸಾಧುವಾದುದು: ಚಲಚ್ಚಿತ್ರಕ್ಕೆ ಒಂದು ವ್ಯಾಕರಣವುಂಟು. ಸಣ್ಣದನ್ನು ದೊಡ್ಡದಾಗಿ ತೋರಿಸುವುದು, ಹತ್ತು ದಿನಗಳನ್ನು ಹತ್ತು ಕ್ಷಣಗಳಲ್ಲಿ ಕಳೆಯುವುದು, ಒಳಗಿನ ಕರುಳನ್ನು ರೇಖಾಚಿತ್ರದಿಂದ ಹೊರಗೆ ತರುವುದು ಇವೆಲ್ಲವೂ ಆ ವ್ಯಾಕರಣದ ಸೂತ್ರಗಳು. ಅದನ್ನು ಅರಿಯದೆ ನೋಡಿದರೆ ಹಳ್ಳಿಗನೇ ಏಕೆ, ಪದವೀಧರನಾದ ವೈದ್ಯನೂ ತಪ್ಪು ತಿಳಿಯುತ್ತಾನೆ. ತೆರೆಯ ಮೇಲೆ ಎರಡು ನಿಮಿಷಗಳಲ್ಲಿ ವಾಸಿಯಾಗುವ ಕ್ಷಯವು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಾಡುತ್ತದೆ.

ಮಲೇರಿಯಾ ಜ್ವರದ ವಿಷಯದಲ್ಲಿ ಈ ವ್ಯಾಕರಣದ ಉಪಯೋಗವು ಚೆನ್ನಾಗಿ ವ್ಯಕ್ತವಾಯಿತು. ೧೮೮೩ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ವೈದ್ಯಾಧಿಕಾರಿಯಾಗಿದ್ದ ರೊನಾಲ್ಡ್ ರಾಸ್ ಎಂಬ ತರುಣನು ತನ್ನ ಬಂಗಲೆಯ ಕಿಟಕಿಯ ಬಳಿಯ ನೀರಿನ ತೊಟ್ಟಿಯಲ್ಲಿ ಮರಿಗಳು ವಿಲವಿಲನೆ ಒದ್ದಾಡುವುದನ್ನು ಕಂಡು, ನೀರನ್ನು ಚೆಲ್ಲಿಸಿದ ಮೇಲೆ ಕೋಣೆಯಲ್ಲಿ ಸೊಳ್ಳೆಗಳ ಕಾಟವು ತಗ್ಗಿದುದನ್ನು ಗಮನಿಸಿದನು. ಹದಿನಾಲ್ಕು ವರ್ಷಗಳ ತರುವಾಯ, ೧೮೯೭ರ ಆಗಸ್ಟ್ ೨೦ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡವನೂ ಅವನೇ. ತೊಟ್ಟಿಗೂ ಜ್ವರಕ್ಕೂ ಇರುವ ಸಂಬಂಧವು ಒಬ್ಬ ಪ್ರತಿಭಾವಂತನಿಗೆ ಹೊಳೆಯುವುದಕ್ಕೆ ಇಷ್ಟು ಕಾಲ ಹಿಡಿಯಿತು. ಇಂಗ್ಲೆಂಡಿನ ಷೆಲ್ ಸಂಸ್ಥೆಯ ಚಿತ್ರವಿಭಾಗವು ೧೯೪೧ರಲ್ಲಿ ತಯಾರಿಸಿದ ‘ಮಲೇರಿಯಾ’ ಎಂಬ ಚಿತ್ರವು ಪರೋಪಜೀವಿ, ಸೊಳ್ಳೆ, ಮನುಷ್ಯ ಈ ಮೂರರ ಸಂಬಂಧವನ್ನು ಒಂದೇ ಸೂತ್ರದಲ್ಲಿ ಪೋಣಿಸಿ ಕಲಿಯುವವರ ಮುಂದಿಟ್ಟಿತು. ಯುದ್ಧಕಾಲದಲ್ಲಿ ಇಂತಹ ಚಿತ್ರಗಳಿಗೆ ಬೇಡಿಕೆಯು ಸಹಜವಾಗಿಯೇ ಹೆಚ್ಚಿತು.

ಅದೇ ಕಾಲದಲ್ಲಿ, ೧೯೪೨ರಲ್ಲಿ, ಅಮೆರಿಕಾದ ಸೈನಿಕ ಶಿಬಿರಗಳ ಸುತ್ತಲಿನ ಮಲೇರಿಯಾವನ್ನು ನಿಗ್ರಹಿಸಲು ಅಟ್ಲಾಂಟಾ ನಗರದಲ್ಲಿ ಒಂದು ಕಚೇರಿಯು ಸ್ಥಾಪಿತವಾಯಿತು. ಅದರಿಂದಲೇ ೧೯೪೬ರ ಜುಲೈ ೧ರಂದು ಸಾಂಕ್ರಾಮಿಕ ರೋಗಗಳ ಕೇಂದ್ರವು ಜನ್ಮತಾಳಿತು. ಈಗ ಲೋಕಪ್ರಸಿದ್ಧವಾಗಿರುವ ಸಿ.ಡಿ.ಸಿ. ಸಂಸ್ಥೆಯು ಇದೇ. ಪ್ರಾಂತಪ್ರಾಂತಗಳ ಆರೋಗ್ಯಾಧಿಕಾರಿಗಳಿಗೆ, ದಾದಿಯರಿಗೆ, ಪ್ರಯೋಗಶಾಲೆಯ ಕೆಲಸಗಾರರಿಗೆ ಶಿಕ್ಷಣ ಕೊಡುವುದು ಅದರ ಮೊದಲ ಕರ್ತವ್ಯಗಳಲ್ಲೊಂದಾದುದರಿಂದ, ಸೊಳ್ಳೆ, ಇಲಿ, ಚಿಗಟ, ಹುಚ್ಚುನಾಯಿಯ ಕಡಿತ, ಪ್ರಯೋಗಶಾಲೆಯ ವಿಧಾನ ಮುಂತಾದ ವಿಷಯಗಳ ಮೇಲೆ ಅಲ್ಲಿಂದ ಅನೇಕ ಶಿಕ್ಷಣಚಿತ್ರಗಳು ಹೊರಟವು. ಈ ಬಗೆಯ ಪುರಾತನ ಚಿತ್ರಗಳನೇಕವನ್ನು ಅಮೆರಿಕಾದ ರಾಷ್ಟ್ರೀಯ ವೈದ್ಯಕ ಗ್ರಂಥಾಲಯವು, ತಾಳೆಗರಿಯ ಕಟ್ಟುಗಳನ್ನು ಕಾಪಾಡುವಂತೆ, ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ.

೬

ಚಿತ್ರವನ್ನು ನೋಡಿದವನು ತಿಳಿದುಕೊಂಡನೆಂದೇ ಒಪ್ಪೋಣವಾಗಲಿ; ತಿಳಿದುದನ್ನು ಆಚರಿಸಿದನೇ? ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರು ಅಮೆರಿಕಾದ ಮನಶ್ಶಾಸ್ತ್ರಜ್ಞರಾದ ಕಾರ್ಲ್ ಲ್ಯಾಷ್ಲಿ ಮತ್ತು ಜಾನ್ ವಾಟ್ಸನ್ನರು. ಗುಹ್ಯರೋಗಗಳ ವಿರುದ್ಧ ಜನರನ್ನು ಎಚ್ಚರಿಸಲು ತಯಾರಾದ ಚಿತ್ರವನ್ನು ನಾನಾ ವರ್ಗದ ಪ್ರೇಕ್ಷಕರಿಗೆ ತೋರಿಸಿ, ಪ್ರಶ್ನೆಗಳ ಮೂಲಕ ಪರೀಕ್ಷಿಸಿ, ೧೯೨೨ರಲ್ಲಿ ಅವರು ತಮ್ಮ ನಿರ್ಣಯವನ್ನು ಪ್ರಕಟಿಸಿದರು. ವಿಷಯವು ಮನಸ್ಸಿಗೆ ಹತ್ತುತ್ತದೆ, ನೆನಪಿನಲ್ಲಿಯೂ ಉಳಿಯುತ್ತದೆ. ನಡತೆಯು ಶಾಶ್ವತವಾಗಿ ಬದಲಾಯಿತೆಂಬುದಕ್ಕೆ ಆಧಾರವಿಲ್ಲ ಎಂಬುದು ಅದರ ತಾತ್ಪರ್ಯ. ಜ್ಞಾನ ಬೇರೆ, ಅನುಷ್ಠಾನ ಬೇರೆ.

ಜನಸಾಮಾನ್ಯನಲ್ಲಿ ಈ ಭೇದವಿದ್ದರೆ ಅದನ್ನು ಮನುಷ್ಯಸಹಜವಾದ ದೌರ್ಬಲ್ಯವೆಂದು ಹೇಳಬಹುದು. ಪಾಠ ಹೇಳುವ ಸಂಸ್ಥೆಯಲ್ಲಿಯೇ ಅದಿದ್ದರೆ ಏನೆನ್ನಬೇಕು? ೧೯೩೮ರಲ್ಲಿ ಅಮೆರಿಕಾದ ಸಾರ್ವಜನಿಕ ಆರೋಗ್ಯ ಇಲಾಖೆಗಾಗಿ ‘ಥ್ರೀ ಕೌಂಟೀಸ್ ಅಗೇನ್‌ಸ್ಟ್ ಸಿಫಿಲಿಸ್’ ಎಂಬ ಚಿತ್ರವು ತಯಾರಾಯಿತು. ಜಾರ್ಜಿಯಾ ಸಂಸ್ಥಾನದ ಕಡಲತಡಿಯ ಗ್ಲಿನ್, ಕ್ಯಾಮ್ಡೆನ್, ಮೆಕಿಂಟಾಷ್ ಎಂಬ ಮೂರು ಜಿಲ್ಲೆಗಳಲ್ಲಿ ಫಿರಂಗರೋಗದ ಚಿಕಿತ್ಸೆಯು ಹೇಗೆ ನಡೆಯುತ್ತಿದೆಯೆಂಬುದು ಅದರ ವಸ್ತು. ವೈದ್ಯರೂ ದಾದಿಯರೂ ಸಂಚಾರೀ ಚಿಕಿತ್ಸಾಲಯದ ಬಂಡಿಯಲ್ಲಿ ಹಳ್ಳಿಹಳ್ಳಿಗೆ ಹೋಗಿ, ಬಡವರಾದ ಕರಿಯ ಜನರ ರಕ್ತವನ್ನು ಪರೀಕ್ಷಿಸಿ, ವಾರವಾರವೂ ತಪ್ಪದೆ ಸೂಜಿಮದ್ದು ಕೊಡುವುದನ್ನು ಅದರಲ್ಲಿ ಕಾಣಬಹುದು. ಪೆನಿಸಿಲಿನ್ ಬರುವುದಕ್ಕೆ ಮುಂಚಿನ ಆ ದಿನಗಳಲ್ಲಿ ಪಾಷಾಣ ಮತ್ತು ಬಿಸ್ಮತ್ ಎಂಬ ಲೋಹದ ಔಷಧಗಳೇ ಗತಿ. ಚಿಕಿತ್ಸೆಯು ಒಂದು ವರ್ಷಕ್ಕೂ ಮೀರಿ ನಡೆಯಬೇಕಾಗಿತ್ತು. ಇತರ ಜಿಲ್ಲೆಗಳ ಅಧಿಕಾರಿಗಳಿಗೆ ಇದು ಒಳ್ಳೆಯ ಮೇಲ್ಪಂಕ್ತಿ. ಚಿತ್ರದಲ್ಲಿ ಹೇಳಿರುವುದು ಸುಳ್ಳಲ್ಲ.

ಆದರೆ ಅದೇ ವರ್ಷ, ಅದೇ ಇಲಾಖೆಯ ಅಧೀನದಲ್ಲಿ, ಪಕ್ಕದ ಅಲಬಾಮಾ ಸಂಸ್ಥಾನದ ಟಸ್ಕೀಗೀ ಪ್ರಾಂತದಲ್ಲಿ ಇನ್ನೊಂದು ಕಾರ್ಯವು ನಡೆಯುತ್ತಿತ್ತು. ೧೯೩೨ರಲ್ಲಿ ಆರಂಭವಾದ ಆ ಪರಿಶೀಲನೆಯಲ್ಲಿ ಸುಮಾರು ೬೦೦ ಮಂದಿ ಕರಿಯ ಗಂಡಸರನ್ನು, ಅಂದರೆ ಫಿರಂಗರೋಗವಿದ್ದ ೩೯೯ ಮಂದಿಯನ್ನೂ ರೋಗವಿಲ್ಲದ ೨೦೧ ಮಂದಿಯನ್ನೂ, ಸೇರಿಸಿಕೊಂಡು, ಚಿಕಿತ್ಸೆಯಿಲ್ಲದೆ ಬಿಟ್ಟರೆ ರೋಗವು ಹೇಗೆ ಬೆಳೆಯುವುದೆಂದು ನೋಡುತ್ತ ಕುಳಿತಿದ್ದರು. ರೋಗದ ನಿಜವಾದ ಹೆಸ��ನ್ನು ಆ ರೋಗಿಗಳಿಗೆ ಹೇಳಲಿಲ್ಲ. ‘ಕೆಟ್ಟ ರಕ್ತ’ ಎಂಬ ಆ ನಾಡಿನ ರೂಢಿಯ ಮಾತಿನಿಂದ ಮುಚ್ಚಿಟ್ಟರು. ೧೯೪೩ರಲ್ಲಿ ಪೆನಿಸಿಲಿನ್ ಈ ರೋಗವನ್ನು ಗುಣಪಡಿಸುವುದೆಂದು ತೋರಿಸಿಕೊಟ್ಟವನು ಅದೇ ಇಲಾಖೆಯ ವೈದ್ಯನಾದ ಜಾನ್ ಮಹೋನಿ. ಆ ಔಷಧವು ಲೋಕಕ್ಕೆಲ್ಲ ದೊರೆತ ಮೇಲೆಯೂ ಟಸ್ಕೀಗೀಯ ಜನರಿಗೆ ಅದನ್ನು ಕೊಡಲಿಲ್ಲ. ೧೯೬೯ರಲ್ಲಿ, ಶಿಕ್ಷಣಚಿತ್ರಗಳಿಗೆ ಹೆಸರಾದ ಸಿ.ಡಿ.ಸಿ. ಸಂಸ್ಥೆಯು ಕರೆದ ಪರಿಣತರ ಸಭೆಯು ಪರಿಶೀಲನೆಯನ್ನು ಮುಂದುವರಿಸಬಹುದೆಂದೇ ಅಭಿಪ್ರಾಯಪಟ್ಟಿತು. ೧೯೭೨ರ ಜುಲೈಯಲ್ಲಿ ವೃತ್ತಪತ್ರಿಕೆಗಳ ಮೂಲಕ ಸಂಗತಿಯು ಬಯಲಾದ ಬಳಿಕವೇ ಅದು ನಿಂತಿತು. ೧೯೭೪ರಲ್ಲಿ ಮಾನವರ ಮೇಲಿನ ಸಂಶೋಧನೆಗಳನ್ನು ನಿಯಂತ್ರಿಸುವ ಕಾಯಿದೆಯಾಯಿತು. ೧೯೯೭ರಲ್ಲಿ ಅಧ್ಯಕ್ಷ ಕ್ಲಿಂಟನ್ನನು ರಾಷ್ಟ್ರದ ಪರವಾಗಿ ಕ್ಷಮೆ ಬೇಡಿದನು.

ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಆಪ್ತತ್ವದ ವಿಚಾರವು ಹೊಸದೊಂದು ತೊಡಕಿಗೆ ಬಂದು ನಿಲ್ಲುತ್ತದೆ. ಜಾರ್ಜಿಯಾದ ಚಿತ್ರದಲ್ಲಿ ವಿಷಯಜ್ಞಾನವಿದೆ. ತೋರಿಸಿದಷ್ಟನ್ನು ಯಥಾರ್ಥವಾಗಿ ತೋರಿಸಿದೆ. ಆದರೂ ಅದನ್ನು ನೋಡಿದ ಅಧಿಕಾರಿಯು ‘ಈ ಇಲಾಖೆಯು ಕರಿಯ ರೋಗಿಗಳನ್ನು ಹೀಗೆ ಪಾಲಿಸುತ್ತದೆ’ ಎಂದು ತಿಳಿದಿದ್ದರೆ ಅವನ ಜ್ಞಾನವು ಭ್ರಮೆಯೇ ಸರಿ. ವಾಕ್ಯವು ಸತ್ಯ, ವಾಕ್ಯದಿಂದ ಹುಟ್ಟಿದ ಬೋಧವು ಅಸತ್ಯ. ಚೌಕಟ್ಟಿನೊಳಗೆ ಇರುವುದನ್ನು ಪರೀಕ್ಷಿಸಿದರೆ ಸಾಲದು, ಚೌಕಟ್ಟಿನ ಹೊರಗೆ ಬಿಟ್ಟದ್ದೇನೆಂದೂ ಕೇಳಬೇಕು. ಟಸ್ಕೀಗೀಯ ರೋಗಿಗಳು ಚೌಕಟ್ಟಿನ ಹೊರಗಿದ್ದರು.

೭

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸುರುಳಿಯ ಚಿತ್ರವು ಹೋಗಿ ಟೇಪು ಬಂದಿತು. ಟೇಪು ಹೋಗಿ ಗಣಕಯಂತ್ರದ ತೆರೆಯು ಬಂದಿತು. ೨೦೨೦ರಲ್ಲಿ ಕೋವಿಡ್ ವ್ಯಾಧಿಯು ಹಬ್ಬಿದಾಗ, ರಕ್ಷಾಕವಚವನ್ನು ತೊಡುವ ಕ್ರಮವನ್ನೂ, ಅದಕ್ಕಿಂತ ಅಪಾಯಕರವಾದ ಕಳಚುವ ಕ್ರಮವನ್ನೂ ಲೋಕದ ಅಸಂಖ್ಯಾತ ದಾದಿಯರೂ ವೈದ್ಯರೂ ಕಲಿತುದು ಕಿರುಚಿತ್ರಗಳಿಂದ. ಮಾರಿನೆಸ್ಕುವಿನ ಕಾಲದಲ್ಲಿ ಕೆಲವರಿಗೆ ಮಾತ್ರ ಲಭ್ಯವಾಗಿದ್ದುದು ಈಗ ಪ್ರತಿಯೊಬ್ಬನ ಅಂಗೈಯಲ್ಲಿದೆ. ಸೌಲಭ್ಯವು ಹೆಚ್ಚಿದಷ್ಟೂ ಹೇಳುವವನಾರು ಎಂಬ ವಿಚಾರಣೆಯ ಅಗತ್ಯವೂ ಹೆಚ್ಚಿದೆ.

ಚಲಚ್ಚಿತ್ರದ ಇನ್ನೊಂದು ಕೊರತೆಯು ಅದು ಪ್ರಶ್ನೆಗೆ ಉತ್ತರ ಕೊಡದಿರುವುದು. ಶಿಷ್ಯನು ಕೈಯೆತ್ತಿದರೂ ಚಿತ್ರವು ತನ್ನ ಪಾಡಿಗೆ ಓಡುತ್ತದೆ. ೨೦೦೩ರಲ್ಲಿ ಅಮೆರಿಕಾದ ನ್ಯೂಮೆಕ್ಸಿಕೋ ವಿಶ್ವವಿದ್ಯಾನಿಲಯದ ಸಂಜೀವ್ ಅರೋರಾ ಎಂಬ ಭಾರತೀಯ ಸಂಜಾತ ವೈದ್ಯರು ಯಕೃತ್ತಿನ ‘ಹೆಪಟೈಟಿಸ್ ಸಿ’ ಎಂಬ ಸಾಂಕ್ರಾಮಿಕ ವ್ಯಾಧಿಯ ಚಿಕಿತ್ಸೆಯನ್ನು ದೂರದ ಹಳ್ಳಿಗಳ ವೈದ್ಯರಿಗೆ ಕಲಿಸಲು ‘ಎಕೋ’ ಎಂಬ ಯೋಜನೆಯನ್ನು ಆರಂಭಿಸಿದರು. ನಿಯತಕಾಲದಲ್ಲಿ ಎಲ್ಲರೂ ತಂತಮ್ಮ ಊರಿನಿಂದಲೇ ತೆರೆಯ ಮೂಲಕ ಕೂಡುವುದು, ಪ್ರತಿಯೊಬ್ಬನೂ ತನ್ನ ರೋಗಿಯ ವೃತ್ತಾಂತವನ್ನು ಮಂಡಿಸುವುದು, ಉಳಿದವರು ಪ್ರಶ್ನಿಸುವುದು ಇದರ ಕ್ರಮ. ಹೀಗೆ ಕಲಿತ ಹಳ್ಳಿಯ ವೈದ್ಯರ ಚಿಕಿತ್ಸೆಯು ವಿಶ್ವವಿದ್ಯಾನಿಲಯದ ಪರಿಣತರ ಚಿಕಿತ್ಸೆಯಷ್ಟೇ ಫಲಕಾರಿಯಾಯಿತೆಂದು ೨೦೧೧ರಲ್ಲಿ ಪ್ರಕಟವಾದ ಪರಿಶೀಲನೆಯಿಂದ ಸಿದ್ಧವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮಾನಸಿಕ ರೋಗಗಳ ಮತ್ತು ವ್ಯಸನಗಳ ಚಿಕಿತ್ಸೆಯನ್ನು ದೂರದ ವೈದ್ಯರಿಗೆ ಕಲಿಸಲು ಇದೇ ಕ್ರಮವನ್ನು ಅಂಗೀಕರಿಸಿತು. ಚರಕಸಂಹಿತೆಯು ಮೂರನೆಯ ಉಪಾಯವೆಂದು ಹೇಳಿದ ತದ್ವಿದ್ಯಸಂಭಾಷೆಯು ಹೀಗೆ ತೆರೆಯ ಮೇಲೆ ಪುನಃ ಸ್ಥಾನವನ್ನು ಪಡೆಯಿತು.

ಇಷ್ಟರಿಂದ ಫಲಿಸಿದ ನಿರ್ಣಯವನ್ನು ಸಂಗ್ರಹಿಸಬಹುದು. ವೈದ್ಯಶಿಕ್ಷಣದ ಚಲಚ್ಚಿತ್ರವು ಪ್ರತ್ಯಕ್ಷವಲ್ಲ, ಆಪ್ತವಾಕ್ಯವಾಗಬಹುದಾದ ಶಬ್ದ. ಅದರ ಪ್ರಾಮಾಣ್ಯವು ಕಾಣುವ ಸ್ಪಷ್ಟತೆಯಿಂದ ಬರುವುದಿಲ್ಲ. ತೋರಿಸಿದವನ ಜ್ಞಾನದಿಂದಲೂ ಪ್ರಾಮಾಣಿಕತೆಯಿಂದಲೂ ಬರುತ್ತದೆ. ವಾತ್ಸ್ಯಾಯನನು ಹೇಳಿದ ಈ ಎರಡು ಲಕ್ಷಣಗಳಿಗೆ ಈ ಇತಿಹಾಸವು ಮೂರನೆಯದೊಂದನ್ನು ಕೂಡಿಸುತ್ತದೆ: ಯಾರ ದೇಹವನ್ನು ಪಾಠದ ಸಾಮಗ್ರಿಯಾಗಿ ಬಳಸಲಾಯಿತೋ ಅವರಿಗೆ ಸಲ್ಲಬೇಕಾದುದು ಸಂದಿರಬೇಕು. ಸುಶ್ರುತನ ಶಿಷ್ಯನು ಕತ್ತರಿಸಿದ ಸೋರೆಕಾಯಿಗೆ ನೋವಿರಲಿಲ್ಲ, ಮಾನವೂ ಇರಲಿಲ್ಲ. ಒರಿಸ್ಸಾದ ಆ ಇಬ್ಬರು ಹೆಣ್ಣುಮಕ್ಕಳಿಗೆ ಎರಡೂ ಇದ್ದವು. ಅವರ ಚಿತ್ರವನ್ನು ನೋಡಿ ಕಲಿತ ಪ್ರತಿಯೊಬ್ಬ ವೈದ್ಯನೂ ಅವರಿಗೆ ಶಿಷ್ಯನೇ. ಋಣವು ಇನ್ನೂ ತೀರಿಲ್ಲ.